ತೊಳೆದವನು ಒಡೆಯನಲ್ಲ

ಇವತ್ತು ಒಂದು ಪ್ರಶ್ನೆ ಕೇಳ್ತೀನಿ. ನಾವು ಕಾಪಾಡಿದ ವಸ್ತು ನಮ್ಮದಾಗುತ್ತಾ?

2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಉಕ್ಕಿದಾಗ ಬೆಳಗಾವಿ ಜಿಲ್ಲೆಯ ಎಷ್ಟೋ ಊರುಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ನಾವು ಕೆಲವರು ಮನೆಗಳನ್ನು ಸ್ವಚ್ಛ ಮಾಡೋಕೆ ಉಗಾರ ಬುದ್ರುಕಕ್ಕೆ ಹೋಗಿದ್ವಿ. ರಸ್ತೆ ಬದಿಯ ಕೆಸರಿನ ರಾಶಿಯಲ್ಲಿ ನನಗೊಂದು ಹಳೇ ಆಲ್ಬಮ್ ಸಿಕ್ಕಿತು. ಯಾರದೆಂದು ಗೊತ್ತಿಲ್ಲ. ಅಂಥ ಫೋಟೋದ ಮೇಲ್ಪದರ ಜೆಲಾಟಿನ್. ನೆನೆದರೆ ಮೆತ್ತಗಾಗುತ್ತೆ, ಒಂದಕ್ಕೊಂದು ಅಂಟಿ ಒಣಗಿದರೆ ಬಿಡಿಸುವಾಗ ಮುಖವೇ ಕಿತ್ತು ಬರುತ್ತೆ. ಅದಕ್ಕೇ ಹಸಿ ಇರುವಾಗಲೇ ಒಂದೊಂದಾಗಿ ಬಿಡಿಸಿ, ಉಜ್ಜದೆ ತಣ್ಣೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿದೆ. ಹನ್ನೊಂದು ಫೋಟೋ ಉಳಿದವು.

ಅವನ್ನು ನನ್ನ ಸ್ಟೇಟಸ್‌ಗೆ ಹಾಕಿದೆ. ಎಲ್ಲರೂ ಹೊಗಳಿದರು. ಕೆಲಸ ಮುಗೀತು ಅನಿಸಿತು. ಫೋಟೋಗಳು ಒಂದೂವರೆ ವರ್ಷ ನನ್ನ ಕಪಾಟಿನಲ್ಲೇ ಇದ್ದವು.

ಒಂದು ದಿನ ಧರ್ಮೋಪದೇಶಕಾಂಡ 22ನೇ ಅಧ್ಯಾಯ ಓದ್ತಿದ್ದೆ. ಸಹೋದರನು ಕಳಕೊಂಡದ್ದನ್ನು ಕಂಡೂ ಕಾಣದ ಹಾಗೆ ಇರಬಾರದು. ಅವನು ಯಾರೆಂದು ತಿಳಿಯದಿದ್ದರೆ ಮನೆಯಲ್ಲಿಟ್ಟು, ಹುಡುಕಿಕೊಂಡು ಬಂದಾಗ ಕೊಡಬೇಕು ಅನ್ನುತ್ತೆ ಅಲ್ಲಿ. ಯಾರೂ ಬರಲಿಲ್ಲವಲ್ಲ ಅಂತ ನಾನು ಸಮಾಧಾನ ಮಾಡಿಕೊಂಡೆ. ಆದರೆ ಕೆಸರಲ್ಲಿ ಹೋದದ್ದು ನನ್ನ ಕಪಾಟಿನಲ್ಲಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? 2011ರ ಸುನಾಮಿ ನಂತರ ಜಪಾನಿನಲ್ಲಿ ಸ್ವಯಂಸೇವಕರು ಲಕ್ಷಾಂತರ ಫೋಟೋ ತೊಳೆದರು. ಅಷ್ಟಕ್ಕೇ ಬಿಡಲಿಲ್ಲ, ಮನೆಯವರು ಬಂದು ಹುಡುಕುವ ಹಾಗೆ ಊರೂರಲ್ಲಿ ಜೋಡಿಸಿಟ್ಟರು.

ನಾನು ಮತ್ತೆ ಉಗಾರಕ್ಕೆ ಹೋಗಿ ಕಟ್ಟೆ ಮೇಲೆ ಕೂತಿದ್ದ ಹಿರಿಯರಿಗೆ ಫೋಟೋ ತೋರಿಸಿದೆ. ಅರ್ಧ ಗಂಟೆ ಸಾಕಾಯಿತು. ಅವರು ಕರಕೊಂಡು ಹೋದ ಮನೆಯಲ್ಲಿ ಒಬ್ಬ ಆಯಿ ಫೋಟೋ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಇಕಿ ನಮ್ಮವ್ವ ನೋಡಪಾ. ನಮ್ಮಕ್ಕ ತೀರಿಕೊಂಡು ಎರಡ ತಿಂಗಳಾತು. ಅವ್ವನ ಮಾರಿ ಒಮ್ಮೆ ನೋಡ್ಬೇಕಂತಿದ್ಲು."

ಆಯಿ ನನ್ನನ್ನು ಬೈಯಲಿಲ್ಲ. ಚಹಾ ಕೊಟ್ಟರು. ನನಗೆ ಅದು ಗಂಟಲಲ್ಲಿ ಇಳಿಯಲಿಲ್ಲ.

ಪ್ರಿಯರೇ, ಕಾಪಾಡೋದು ಅರ್ಧ ಕೆಲಸ. ಒಡೆಯರ ಕೈಗೆ ಮುಟ್ಟೋವರೆಗೂ ನಾವು ಬರೀ ಕಾವಲುಗಾರರು. ಸ್ಟೇಟಸ್ ಹಾಕಿದರೆ ಕೊಟ್ಟ ಹಾಗಾಗಲ್ಲ. ನಿಮ್ಮ ಮನೆಯಲ್ಲೂ ಇನ್ನೊಬ್ಬರ ಫೋಟೋ, ಪತ್ರ ಇರಬಹುದು. ವಾರಸುದಾರರು ಹಲವರಿದ್ದರೆ ಎಲ್ಲರಿಗೂ ಪ್ರತಿ ಕೊಡಿ. ಮೂಲ ಫೋಟೋವನ್ನು ಮಾತ್ರ ನೀವೇ ಹೋಗಿ ತಲುಪಿಸಿ. ಮೊದಲು ವಯಸ್ಸಾದವರನ್ನು ಹುಡುಕಿ. ಅವರಿಗೆ ಸಮಯ ಕಡಿಮೆ ಇದೆ. ಆಮೆನ್.