ಕತ್ತಿಯ ಆಯುಷ್ಯ ಚರ್ಮದ ಪಟ್ಟಿಯಲ್ಲಿದೆ

*ಇಂದಿನ ಧಮ್ಮ ಚಿಂತನೆ*

 



ಭಿಕ್ಖುವಿನ ಅಷ್ಟಪರಿಕ್ಕಾರಗಳನ್ನು ನಾವೆಲ್ಲ ಕೇಳಿದ್ದೇವೆ: ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ. ಭಗವಾನ್ ಬುದ್ಧರು ಬರೀ ಕತ್ತಿಗೆ ಅನುಮತಿ ಕೊಟ್ಟು ಸುಮ್ಮನಾಗಲಿಲ್ಲ. ಜೊತೆಗೆ ಮಸೆಗಲ್ಲಿಗೂ ಕತ್ತಿ ಇಡುವ ಒರೆಗೂ ಅನುಮತಿ ಕೊಟ್ಟರೆಂದು ವಿನಯಪಿಟಕ ಹೇಳುತ್ತದೆ. ಇಟ್ಟುಕೊಂಡದ್ದನ್ನು ಕಾಪಾಡಿಕೊಳ್ಳುವುದೂ ವಿನಯವೇ.

ಚೆನ್ನಾಗಿ ನೋಡಿಕೊಂಡರೆ ಮಡಚುವ ಕ್ಷೌರದ ಕತ್ತಿ ಎಷ್ಟು ಕಾಲ ಬರುತ್ತದೆ? ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಊರುಗಳಲ್ಲಿ 19ನೇ ಶತಮಾನದಲ್ಲಿ ತಯಾರಾದ ಕೆಲವು ಕತ್ತಿಗಳು ಇವತ್ತಿಗೂ ಗಡ್ಡ ತೆಗೆಯುತ್ತವೆ. ಅಜ್ಜನ ಕತ್ತಿ ಮೊಮ್ಮಗನ ಕೈಯಲ್ಲೂ ಕೆಲಸ ಮಾಡುತ್ತದೆ. ಅದೇ ಉಕ್ಕಿನ ಇನ್ನೊಂದು ಕತ್ತಿಯನ್ನು ಒದ್ದೆಯಾಗಿಯೇ ಮಡಚಿಟ್ಟರೆ ಬೇಗನೆ ತುಕ್ಕು ಹಿಡಿಯುತ್ತದೆ.

ಇದರ ಗುಟ್ಟು ಸರಳ. ಕ್ಷೌರ ಮಾಡಿದಾಗೆಲ್ಲ ಅಲಗಿನ ಅಂಚು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಪ್ರತಿ ಸಲವೂ ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದರೆ ಅಂಚು ನೆಟ್ಟಗಾಗುತ್ತದೆ, ಉಕ್ಕು ಅಷ್ಟಾಗಿ ಸವೆಯುವುದಿಲ್ಲ. ಪಟ್ಟಿಯನ್ನು ಮರೆತವನು ಮತ್ತೆ ಮತ್ತೆ ಕಲ್ಲಿಗೆ ಹೋಗಬೇಕು. ಕಲ್ಲು ಪ್ರತಿ ಸಲವೂ ಸ್ವಲ್ಪ ಉಕ್ಕನ್ನು ತಿನ್ನುತ್ತದೆ. ಎರಡು ನಿಮಿಷದ ದಿನನಿತ್ಯದ ಕೆಲಸವೇ ಕತ್ತಿಯ ಆಯುಷ್ಯವನ್ನು ನಿರ್ಧರಿಸುತ್ತದೆ.

ಇಂಥ ಕತ್ತಿಯನ್ನು ಹಿಡಿದು ಬದುಕಿದವರು ಉಪಾಲಿ, ಶಾಕ್ಯರ ಕ್ಷೌರಿಕ. ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅವರ ಕಥೆಯನ್ನು ಹೇಳಿದ್ದಾರೆ. ದೀಕ್ಷೆಗೆ ಬಂದ ಶಾಕ್ಯ ರಾಜಕುಮಾರರು, ‘ಮೊದಲು ಉಪಾಲಿಗೆ ದೀಕ್ಷೆ ಕೊಡಿ, ಹಿರಿಯನೆಂದು ನಾವು ಅವನಿಗೆ ನಮಸ್ಕರಿಸುತ್ತೇವೆ, ನಮ್ಮ ಕುಲದ ಸೊಕ್ಕು ಇಳಿಯಲಿ’ ಎಂದು ಕೇಳಿಕೊಂಡರು. ಭಗವಾನರು ಹಾಗೆಯೇ ಮಾಡಿದರು. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ಇಡೀ ವಿನಯವನ್ನು ಹೇಳಿದವರು ಇದೇ ಉಪಾಲಿ.

ಆ ದಿನ ಅವರಿಗೆ ತಲೆಬಾಗಿದ ಕುಮಾರರಲ್ಲಿ ಆನಂದ, ಅನುರುದ್ಧರ ಜೊತೆ ದೇವದತ್ತನೂ ಇದ್ದ. ಮುಂದೆ ಸಂಘವನ್ನು ಒಡೆದವನು ಅವನೇ. ತಲೆ ಬೋಳಿಸಿದ್ದು ಒಂದೇ ಕತ್ತಿ, ಬಾಗಿದ್ದು ಒಂದೇ ದಿನ. ಆನಂದರು ಆ ಬಾಗುವಿಕೆಯನ್ನು ಜೀವನವಿಡೀ ಉಳಿಸಿಕೊಂಡರು. ದೇವದತ್ತನಲ್ಲಿ ಅಹಂಕಾರ ತುಕ್ಕಿನಂತೆ ಮರಳಿ ಬಂತು.

ಬಂಧುಗಳೇ, ನಮ್ಮ ಜನರ ತಲೆ ಮುಟ್ಟಲು ಒಪ್ಪದ ಕ್ಷೌರದಂಗಡಿಗಳು ನಮ್ಮ ನಾಡಿನ ಹಳ್ಳಿಗಳಲ್ಲಿ ಇವತ್ತಿಗೂ ಇವೆ. ಆ ಅವಮಾನದ ರುಚಿ ನಮಗೆ ಗೊತ್ತು. ಆದರೂ ಹೆಣ್ಣು–ಗಂಡು ನೋಡುವಾಗ ನಮ್ಮವರೇ ‘ಒಳಪಂಗಡ ಯಾವುದು?’ ಎಂದು ಕೇಳುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ, ಎಲ್ಲ ಮನುಷ್ಯರೂ ಸಮಾನರೆಂಬ ಪ್ರತಿಜ್ಞೆಯೂ ಇದೆ. ಅದನ್ನು ವರ್ಷಕ್ಕೊಮ್ಮೆ ಬಿಳಿ ಬಟ್ಟೆ ತೊಟ್ಟು ಗಟ್ಟಿಯಾಗಿ ಹೇಳಿ, ಉಳಿದ ದಿನಗಳಲ್ಲಿ ಮಡಚಿಟ್ಟರೆ ಅದರ ಅಲಗು ಹೇಗೆ ಉಳಿದೀತು?

ದೀಕ್ಷೆ ಕತ್ತಿಯಾದರೆ ದಿನನಿತ್ಯದ ಶೀಲಾಚರಣೆ ಚರ್ಮದ ಪಟ್ಟಿ. ಇಂದು ರಾತ್ರಿ ತ್ರಿಸರಣ, ಪಂಚಶೀಲ ಹೇಳಿದ ಮೇಲೆ ಎರಡು ನಿಮಿಷ ಸುಮ್ಮನೆ ಕುಳಿತು ಕೇಳಿಕೊಳ್ಳೋಣ: ಇವತ್ತು ಯಾರನ್ನಾದರೂ ಮನಸ್ಸಿನಲ್ಲಾದರೂ ನನಗಿಂತ ಕೀಳೆಂದು ಎಣಿಸಿದೆನೆ? ಹೌದಾದರೆ ನಾಳೆ ಬೆಳಿಗ್ಗೆ ಅವರಿಗೆ ಮೊದಲು ನಾವೇ ‘ಜೈ ಭೀಮ್’ ಹೇಳೋಣ. ಈ ಕತ್ತಿ ನಮ್ಮ ಮೊಮ್ಮಕ್ಕಳ ಕೈಗೂ ಹರಿತವಾಗಿಯೇ ಸೇರಲಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.