ಬಂದೂಕು ಹಿಡಿದ ಮಗು: ತಪ್ಪು ಯಾರದು?



ಹತ್ತು ವರ್ಷದ ಹುಡುಗನ ಕೈಗೆ ಯಾರೋ ಬಂದೂಕು ಕೊಟ್ಟು, "ಅವನನ್ನು ಹೊಡಿ, ಇಲ್ಲದಿದ್ದರೆ ನಿನ್ನನ್ನೇ ಹೊಡೆಯುತ್ತೇವೆ" ಎಂದು ಬೆದರಿಸುತ್ತಾರೆ. ಅವನು ಹೊಡೆಯುತ್ತಾನೆ. ಈ ಪಾಪ ಯಾರದು? ಬಂದೂಕು ಕೊಟ್ಟವರದು ಎಂದು ನೀವು ತಡವರಿಸದೆ ಹೇಳುವಿರಿ. ಸರಿ, ಅದೇ ಹುಡುಗ ಬೆಳೆದು ದೊಡ್ಡವನಾಗಿ, ಇನ್ನೊಬ್ಬರ ಮಕ್ಕಳ ಕೈಗೆ ತಾನೇ ಬಂದೂಕು ಕೊಟ್ಟರೆ? ಆಗ ಉತ್ತರ ಅಷ್ಟು ಸುಲಭವಲ್ಲ.

ದೊಡ್ಡವರ ಜಗಳದ ಭಾರ ಎಳೆಯರ ಹೆಗಲ ಮೇಲೆ ಬೀಳುವುದು ನಮ್ಮ ಸೀಮೆಗೆ ಗೊತ್ತಿಲ್ಲದ ಸಂಗತಿಯಲ್ಲ. 1842ರಲ್ಲಿ ಸುರಪುರದ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕರಿಗೆ ಸುಮಾರು ಎಂಟು ವರ್ಷ. ಆಡಳಿತಕ್ಕಾಗಿ ಒಂದು ಕಡೆ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಚಿಕ್ಕಪ್ಪ ಪಿಡ್ಡ ನಾಯಕ. ನಡುವೆ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್. 1853ರಲ್ಲಿ ಅಧಿಕಾರ ಕೈಗೆ ಬಂದ ಆ ರಾಜ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದರು, ಸೆರೆಯಾದರು. ಗಲ್ಲು ಶಿಕ್ಷೆ ಇಳಿಯುತ್ತ ನಾಲ್ಕು ವರ್ಷದ ಸೆರೆವಾಸವಾಯಿತು. ಆದರೆ ಅದನ್ನು ಅನುಭವಿಸುವ ಮೊದಲೇ, ದಾರಿಯಲ್ಲಿ ಗುಂಡು ತಗುಲಿ ಅಸುನೀಗಿದರು. ಅವರು ಹೋರಾಡಿದ್ದು ಪ್ರಾಯಕ್ಕೆ ಬಂದ ಮೇಲೆ, ತಮ್ಮ ನಾಡಿಗಾಗಿ. ಅವರನ್ನು ನಾವು ಗೌರವಿಸುತ್ತೇವೆ. ಮುಂದೆ ಹೇಳುವ ಕ್ರೂರ ಕಥೆಗೂ ಅವರ ಹೋರಾಟಕ್ಕೂ ಹೋಲಿಕೆ ಇಲ್ಲ. ಹಿರಿಯರು ನಾಲ್ಕು ಕಡೆಯಿಂದ ಎಳೆದಾಡಿದ ಆ ಎಂಟು ವರ್ಷದ ಮಗುವನ್ನಷ್ಟೇ ಇಲ್ಲಿ ನೆನೆಯೋಣ.

ಈಗ ಆಫ್ರಿಕದ ಉಗಾಂಡ ದೇಶಕ್ಕೆ ಬನ್ನಿ. 1987ರಲ್ಲಿ ಡೊಮಿನಿಕ್ ಓಂಗ್ವೆನ್ ಎಂಬ ಸುಮಾರು ಒಂಬತ್ತು ವರ್ಷದ ಬಾಲಕನನ್ನು ಜೋಸೆಫ್ ಕೋನಿಯ ಬಂಡುಕೋರರು ಹೊತ್ತೊಯ್ದರು. ಹೊಡೆತ, ಹಸಿವು, ಹೆದರಿಕೆಗಳಲ್ಲೇ ಅವನು ಬೆಳೆದ, ಕೊನೆಗೆ ಆ ಪಡೆಯ ದಳಪತಿಯಾದ. ನಿರಾಶ್ರಿತರ ಶಿಬಿರಗಳ ಮೇಲೆ ದಾಳಿ ಮಾಡಿಸಿದ, ಮಕ್ಕಳನ್ನು ಕದ್ದು ಪಡೆಗೆ ಸೇರಿಸಿದ. ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು 2021ರ ಫೆಬ್ರುವರಿಯಲ್ಲಿ 61 ಆರೋಪಗಳಲ್ಲಿ ಅವನನ್ನು ದೋಷಿ ಎಂದಿತು. ಮೇ ತಿಂಗಳಲ್ಲಿ 25 ವರ್ಷ ಶಿಕ್ಷೆ ವಿಧಿಸಿತು. ಅವನ ಬಾಲ್ಯದ ದುರ್ಗತಿಯನ್ನು ನೋಡಿಯೇ ನ್ಯಾಯಾಧೀಶರು ಜೀವಾವಧಿ ಶಿಕ್ಷೆ ಕೊಡಲಿಲ್ಲ. ಆದರೂ ಮೂವರಲ್ಲಿ ಒಬ್ಬರು 30 ವರ್ಷವಾದರೂ ಬೇಕು ಎಂದರು. ತಿಳಿದವರಿಗೂ ಈ ಲೆಕ್ಕ ಸುಲಭವಾಗಲಿಲ್ಲ.

ಕಾನೂನು ಏನು ಹೇಳುತ್ತದೆ? 1998ರ ರೋಮ್ ಒಪ್ಪಂದದ ಪ್ರಕಾರ 15 ವರ್ಷದೊಳಗಿನ ಮಕ್ಕಳನ್ನು ಸೈನ್ಯಕ್ಕೆ ಸೇರಿಸುವುದು ಯುದ್ಧಾಪರಾಧ. ಅದೇ ಒಪ್ಪಂದದಂತೆ, ಕೃತ್ಯ ನಡೆದಾಗ 18 ತುಂಬದವರನ್ನು ಈ ನ್ಯಾಯಾಲಯ ವಿಚಾರಿಸುವಂತಿಲ್ಲ. 2012ರಲ್ಲಿ ಅದು ನೀಡಿದ ಮೊಟ್ಟಮೊದಲ ತೀರ್ಪೇ ಮಕ್ಕಳನ್ನು ಸೈನಿಕರನ್ನಾಗಿಸಿದ ಕಾಂಗೋ ದೇಶದ ಥಾಮಸ್ ಲುಬಾಂಗನ ಮೇಲೆ. ಅವನಿಗೆ 14 ವರ್ಷ ಶಿಕ್ಷೆಯಾಯಿತು. ನಮ್ಮ ಧರ್ಮಸಭೆಯ ಕಾನೂನು ಸಂಹಿತೆಯೂ ಹದಿನಾರು ತುಂಬದವರಿಗೆ ದಂಡನೆ ಇಲ್ಲವೆನ್ನುತ್ತದೆ. ಅದಕ್ಕೂ ಮೇಲ್ಪಟ್ಟು ಹದಿನೆಂಟರೊಳಗಿದ್ದರೆ ದಂಡನೆಯನ್ನು ತಗ್ಗಿಸುತ್ತದೆ.

"ಹಾಗಾದರೆ ಕೆಟ್ಟ ಬಾಲ್ಯ ಕಂಡವರೆಲ್ಲ ತಪ್ಪಿಸಿಕೊಳ್ಳಬಹುದೇ?" ಎಂದು ನೀವು ಕೇಳಬಹುದು. ಇಲ್ಲ. ಸತ್ತವರಿಗೂ ತಾಯಂದಿರಿದ್ದಾರೆ. ಅವರ ಕಣ್ಣೀರನ್ನು ಬದಿಗೊತ್ತಿ ನಾವು ಕೊಡುವ ಕ್ಷಮೆ ಅಗ್ಗದ್ದು. ಅಪಹರಿಸಿ ತಂದ ಮಗು ಹೇಗೆ ನರಳುತ್ತದೆಂಬುದು ಓಂಗ್ವೆನ್‌ಗೆ ಮೈಯೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅವನು ಇತರ ಮಕ್ಕಳಿಗೆ ಅದನ್ನೇ ಮಾಡಿದ. ಪಾಪನಿವೇದನೆಯಲ್ಲಿ ನಾವು "ನನ್ನನ್ನು ಹೀಗೆ ಬೆಳೆಸಿದರು" ಎಂದು ಹೇಳಿ ಎದ್ದುಬರುವುದಿಲ್ಲ, ನಾನು ಮಾಡಿದೆ ಎನ್ನುತ್ತೇವೆ. ಕರುಣೆ ಎಂದರೆ ತಪ್ಪನ್ನು ಇಲ್ಲವೆನ್ನುವುದಲ್ಲ. ಆ ತಪ್ಪಿನಲ್ಲಿ ಬೇರೆಯವರ ಪಾಲೆಷ್ಟು ಎಂದು ಮೊದಲು ಅಳೆಯುವುದು. ಎಳೆಯರನ್ನು ಎಡವಿಸುವವರ ಕುರಿತು ಪ್ರಭು ಬೀಸುವ ಕಲ್ಲಿನ ಮಾತು ಆಡಿದ್ದು ದೊಡ್ಡವರಿಗೆ.

ಅದೇ ಉಗಾಂಡದಲ್ಲಿ ಇನ್ನೊಂದು ಬಗೆಯ ಹಿರಿಯರೂ ಇದ್ದರು. 1996ರ ಅಕ್ಟೋಬರ್‌ನಲ್ಲಿ ಕೋನಿಯ ಪಡೆ ಅಬೋಕೆ ಊರಿನ ಸಂತ ಮರಿಯಮ್ಮನವರ ಶಾಲೆಯಿಂದ 139 ಹುಡುಗಿಯರನ್ನು ಎಳೆದೊಯ್ದಿತು. ಇಟಲಿಯ ಧರ್ಮಭಗಿನಿ ರಾಕೆಲೆ ಫಸ್ಸೆರಾ ಒಬ್ಬ ಶಿಕ್ಷಕರನ್ನು ಜೊತೆಗೆ ಕರೆದುಕೊಂಡು ಬಂಡುಕೋರರ ಬೆನ್ನುಹತ್ತಿ ಕಾಡಿಗೆ ನಡೆದರು, ಬೇಡಿಕೊಂಡರು. 109 ಮಂದಿಯನ್ನು ಬಿಡಿಸಿ ತಂದರು. ಮೂವತ್ತು ಮಂದಿಯನ್ನು ಮಾತ್ರ ಬಿಡಲಿಲ್ಲ.

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಮಕ್ಕಳ ಸೈನ್ಯವಿಲ್ಲ, ದೇವರ ದಯೆ. ನಮ್ಮ ದೇಶ ಹೇಗ್ ನ್ಯಾಯಾಲಯದ ಸದಸ್ಯನೂ ಅಲ್ಲ. ಆದರೆ ಮಕ್ಕಳನ್ನು ಯುದ್ಧದಿಂದ ದೂರವಿಡುವ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ 2005ರಲ್ಲಿ ಅಂಗೀಕರಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 83ನೆಯ ಕಲಮು, ಉಗ್ರರ ಗುಂಪುಗಳಿಗೆ ಮಾತ್ರವಲ್ಲ, ಮಗುವನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ಯಾವ ವಯಸ್ಕನಿಗೂ ಅನ್ವಯಿಸುತ್ತದೆ. ಏಳು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿ ದಂಡ. ಹೊಲದ ಬದುವಿನ ಜಗಳದಲ್ಲಿ ಮಗನ ಕೈಗೆ ಕಲ್ಲು ಕೊಡುವ ತಂದೆ, ಗುಂಪು ಗಲಾಟೆಗೆ ಹುಡುಗರನ್ನು ಮುಂದೆ ಬಿಡುವ ಮುಖಂಡ, "ಸಣ್ಣವನು, ಪೊಲೀಸರು ಏನೂ ಮಾಡುವುದಿಲ್ಲ" ಎಂದು ಕಳ್ಳ ಸರಕು ಹೊರಿಸುವ ವ್ಯಾಪಾರಿ ಇದನ್ನು ತಿಳಿದಿರಬೇಕು.

ತಂದೆ ತಾಯಂದಿರೇ, ನಿಮ್ಮ ದ್ವೇಷವನ್ನು ಮಕ್ಕಳಿಗೆ ಆಸ್ತಿಯಾಗಿ ಬಿಡಬೇಡಿ. ಈ ವಾರ ಸಂಜೆಯ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೇಳಿ: ಯಾರಾದರೂ ದೊಡ್ಡವರು ನಿನಗೆ ಮಾಡಬಾರದ ಕೆಲಸ ಹೇಳಿದ್ದಾರೆಯೇ? ಅವರು ಹೇಳುವುದನ್ನು ಬೈಯದೆ, ಪೂರ್ತಿಯಾಗಿ ಕೇಳಿಸಿಕೊಳ್ಳಿ.