‘ನೈಸ್’ ಎಂಬ ಗುಣವಾಚಕ

ವಾಚಕ ಮಹಾಶಯರೇ, ದಿನಕ್ಕೆ ಎಷ್ಟು ಬಾರಿ ತಾವು ‘ನೈಸ್’ ಎನ್ನುತ್ತೀರೆಂಬುದನ್ನು ಎಂದಾದರೂ ಗಮನಿಸಿದ್ದೀರಾ? ಊಟ ನೈಸ್, ಉಪನ್ಯಾಸ ನೈಸ್, ನೆರೆಮನೆಯ ಹುಡುಗನೂ ನೈಸ್!

ಇಂಗ್ಲಿಷಿನ ಈ ಗುಣವಾಚಕದ ಮೂಲವನ್ನು ಅರಸಿದರೆ ಬೆರಗಾಗುತ್ತದೆ. ಅದರ ಬೇರು ಲ್ಯಾಟಿನ್ನಿನ ‘ನೆಸ್ಕಿಯಸ್’, ಅರಿವಿಲ್ಲದವನು ಎಂದರ್ಥ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದು ‘ದಡ್ಡ’ನೆಂಬ ಬೈಗುಳವೇ ಆಗಿತ್ತು. ಕ್ರಮೇಣ ಅತಿ ನಾಜೂಕು, ಬಳಿಕ ಎಳೆಎಳೆಯಾಗಿ ನೋಡುವ ಸೂಕ್ಷ್ಮತೆ ಎಂಬ ಅರ್ಥಗಳು ಸೇರಿದವು. 1755ರ ಜಾನ್ಸನ್ನನ ನಿಘಂಟಿನಲ್ಲಿ ಈ ಸೂಕ್ಷ್ಮತೆಗೇ ಪ್ರಾಧಾನ್ಯ. ‘ಹಿತಕರ’ವೆಂಬ ಅರ್ಥ ನೆಲೆಗೊಂಡದ್ದು ಆ ಶತಮಾನದ ಉತ್ತರಾರ್ಧದಲ್ಲಿ. 1817ರ ಕೊನೆಯಲ್ಲಿ ಪ್ರಕಟವಾದ ‘ನಾರ್ಥ್ಯಾಂಗರ್ ಆಬಿ’ ಕಾದಂಬರಿಯಲ್ಲಿ ಜೇನ್ ಆಸ್ಟೆನ್ ಇದನ್ನೇ ವಿನೋದಕ್ಕೆ ವಸ್ತುವಾಗಿಸಿದ್ದಾಳೆ. ನಾಯಕಿ ಒಂದು ಪುಸ್ತಕವನ್ನು ಹಾಗೆ ಹೊಗಳಿದಾಗ, ಆ ಮಾತು ಅದರ ರಟ್ಟಿಗೆ ಸಂಬಂಧಿಸಿದ್ದೇ ಎಂದು ಹೆನ್ರಿ ಕೆಣಕುತ್ತಾನೆ. ಅವನ ತಂಗಿಯಾದರೋ ಅದೇ ಶಬ್ದವನ್ನು ಹಳೆಯ ಅರ್ಥದಲ್ಲಿ ಬಳಸಿ ಅಣ್ಣನನ್ನೇ ಮೂದಲಿಸುತ್ತಾಳೆ!

ನಗುವ ಮುನ್ನ ನಮ್ಮ ‘ಮುಗ್ಧ’ವನ್ನೂ ನೆನೆಯಬೇಕು. ಮೋಹ, ಮೂಢ ಎಂಬವು ಹುಟ್ಟಿದ ಧಾತುವಿನಿಂದಲೇ ಅದೂ ಹುಟ್ಟಿದ್ದು. ಮಂಕು ಕವಿದವನನ್ನು ಸೂಚಿಸುತ್ತಿದ್ದ ಶಬ್ದ ಇಂದು ಹಸುಳೆಯ ನಗೆಗೆ ಸಲ್ಲುತ್ತದೆ.

ಕನ್ನಡಕ್ಕೆ ಬಂದ ‘ನೈಸ್’ ಇನ್ನೂ ಸ್ವಾರಸ್ಯಕರ. ಹಿಟ್ಟನ್ನು ‘ನೈಸಾಗಿ’ ರುಬ್ಬಬೇಕೆನ್ನುವ ಗೃಹಿಣಿಯ ಮಾತು ಹಳೆಯ ಸೂಕ್ಷ್ಮಾರ್ಥದ ಸಮೀಪದಲ್ಲಿದೆ. ಆದರೆ ಕೆಲಸದ ಹೊತ್ತಿಗೆ ‘ನೈಸಾಗಿ ಜಾರಿಕೊಂಡ’, ಮೇಲಧಿಕಾರಿಗೆ ‘ನೈಸ್ ಮಾಡಿದ’ ಎನ್ನುವಾಗ ನಮ್ಮ ಜನ ಆ ನುಣುಪಿನೊಳಗಿನ ಕಪಟವನ್ನೂ ಗುರುತಿಸಿದ್ದಾರೆ. ನನ್ನ ಮಟ್ಟಿಗೆ ಇದು ನಿಘಂಟುಕಾರರಿಗೂ ಹೊಳೆಯದಂಥ ಒಳನೋಟ.

ಹಾಗಾದರೆ ಮನುಷ್ಯನೊಬ್ಬನನ್ನು ‘ನೈಸ್’ ಎಂದಾಗ ನಾವು ಹೇಳಿದ್ದೇನು? ಅವನಿಂದ ನಮಗೆ ಕಿರಿಕಿರಿಯಾಗಲಿಲ್ಲ ಎಂದಷ್ಟೇ ಅಲ್ಲವೆ? ಅದು ನಮ್ಮ ಸುಖದ ವರದಿಯೇ ಹೊರತು ಅವನ ಶೀಲದ ವರದಿಯಲ್ಲ. ಕೂಲಿಯಾಳಿನ ಕೂಲಿ ಮುರಿಯುವಾಗ ಪಕ್ಕದಲ್ಲಿ ನಿಂತು ಮುಗುಳ್ನಗುವವನೂ ನೈಸೇ. ಅಲ್ಲಿ ದನಿಯೆತ್ತಿದವನನ್ನು ಮಾತ್ರ ಯಾರೂ ಹಾಗೆನ್ನರು. ಅವನನ್ನು ನಿಷ್ಠುರಿಯೆಂದು ಕರೆದು ದೂರವಿಡುತ್ತಾರೆ. ‘ಒಳ್ಳೆಯವನು’ ಎನ್ನಬೇಕಾದರೆ ನಡತೆಯನ್ನು ಕಂಡಿರಬೇಕು, ಆ ಮಾತಿಗೆ ಹೊಣೆಯಾಗಬೇಕು. ‘ನೈಸ್’ ಎನ್ನುವುದಕ್ಕೆ ಏನನ್ನೂ ಅರಿಯಬೇಕಾಗಿಲ್ಲ. ಲ್ಯಾಟಿನ್ನಿನ ಆ ಹಳೆಯ ಅಜ್ಞಾನ ಈಗ ಹೊಗಳುವವನಲ್ಲಿಯೇ ಬಂದು ಕುಳಿತಿದೆ ಎನ್ನೋಣವೇ?

ಹೆಣ್ಣು ಕೊಡಬೇಕೆಂದಿರುವ ತಂದೆಯೊಬ್ಬ ವರನ ವಿಷಯ ವಿಚಾರಿಸಲು ತಮ್ಮ ಬಾಗಿಲಿಗೆ ಬಂದನೆಂದು ಭಾವಿಸಿ. ಹುಡುಗ ಕುಡಿಯುವುದನ್ನು ತಾವು ಬಲ್ಲಿರಿ. ಅವನ ಮನೆಯವರೊಡನೆ ತಮಗೆ ಬಳಕೆಯೂ ಇದೆ. ‘ಹುಡುಗ ನೈಸ್’ ಎಂದರೆ ಸುಳ್ಳಾಡಿದಂತಾಗದು, ದಾಕ್ಷಿಣ್ಯವೂ ಉಳಿದೀತು. ಆ ತಂದೆ ಕಾಫಿ ಕುಡಿದು, ನಮಸ್ಕರಿಸಿ, ನೆಮ್ಮದಿಯಿಂದ ಬಸ್ಸು ಹತ್ತುತ್ತಾನೆ.